ಮಾಸ್ಕ್ ಬಿದ್ದಾಗ ನಾನು ಮಾಡಿದ್ದು

ವಿಮಾನ ಹತ್ತುವ ಭಯ ನನಗೆ ಈಗಲೂ ಇದೆ. "ಏನೂ ಆಗಲ್ಲ, ಸುಮ್ನೆ ಕೂತ್ಕೋ" ಎಂದು ಯಾರಾದರೂ ಹೇಳಿದರೆ ಎದೆಬಡಿತ ಇನ್ನೂ ಜಾಸ್ತಿಯಾಗುತ್ತದೆ. ನನ್ನನ್ನು ಸೀಟಿನಲ್ಲಿ ಕೂರಿಸಿದ್ದು ಧೈರ್ಯದ ಮಾತಲ್ಲ, ಯಾವ ಸದ್ದು ಯಾತರದ್ದು ಎಂದು ಗೊತ್ತಾದದ್ದು.

ಟೇಕಾಫ್ ಆದ ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ತಗ್ಗುತ್ತದೆ, ಹೊಟ್ಟೆಯೊಳಗೆ ಏನೋ ಜಾರಿದಂತಾಗುತ್ತದೆ. ವಿಮಾನ ಮಾತ್ರ ಏರುತ್ತಲೇ ಇರುತ್ತದೆ. ಕಾಲಡಿ ಧಡ್ ಅಂದರೆ ಚಕ್ರ ಒಳಗೆ ಹೋಯಿತು. ಕುಲುಕಾಟದಲ್ಲಿ ರೆಕ್ಕೆ ಬಾಗುವುದನ್ನು ಈಗ ಕಣ್ಣು ಬಿಟ್ಟೇ ನೋಡುತ್ತೇನೆ. ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ತಡೆಯಬೇಕು ಎನ್ನುವುದು ಅದರ ಲೆಕ್ಕ. ಕುಲುಕಾಟದಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಬೆಲ್ಟ್ ಹಾಕದವರಿಗೆ. ಬೆಲ್ಟ್ ಹಾಕಿ ಎನ್ನುವ ದೀಪ ಆರಿದರೂ ನಾನು ಬಿಚ್ಚುವುದಿಲ್ಲ.

ಒಮ್ಮೆ ನಿಜವಾಗಿಯೂ ಆಯಿತು. ಊಟದ ಟ್ರೇ ಇನ್ನೂ ಮುಂದಿತ್ತು. ತಲೆ ಮೇಲಿನ ಮುಚ್ಚಳ ಟಪ್ಪನೆ ತೆರೆದು ಹಳದಿ ಮಾಸ್ಕ್‌ಗಳು ಜೋತಾಡಿದವು. ಎಳೆದು ಮೂಗು-ಬಾಯಿಗೆ ಒತ್ತಿಕೊಂಡೆ. 35,000 ಅಡಿಯಲ್ಲಿ ಒಳಗಿನ ಗಾಳಿಯ ಒತ್ತಡ ಹೋದರೆ ತಲೆ ನೆಟ್ಟಗಿರುವುದು ಅರ್ಧದಿಂದ ಒಂದು ನಿಮಿಷ ಅಷ್ಟೇ. ಮೊದಲು ನಿಮ್ಮ ಮಾಸ್ಕ್ ಎಂದು ಹೇಳುವುದು ಅದಕ್ಕೇ. ಪಕ್ಕದವರು ಮಾಸ್ಕಿಗೆ ಅಂಟಿದ ಚೀಲ ಉಬ್ಬುತ್ತಿಲ್ಲವೆಂದು ಮಾಸ್ಕ್ ತೆಗೆಯಲು ಹೊರಟರು. ಕೈ ಹಿಡಿದು ತಡೆದೆ. ಚೀಲ ಉಬ್ಬದಿದ್ದರೂ ಆಮ್ಲಜನಕ ಬರುತ್ತಿರುತ್ತದೆ. ಆಮೇಲೆ ಸುಟ್ಟ ವಾಸನೆ. ಬಹಳಷ್ಟು ವಿಮಾನಗಳಲ್ಲಿ ಆಮ್ಲಜನಕ ಹುಟ್ಟುವುದು ತಲೆ ಮೇಲಿನ ರಾಸಾಯನಿಕ ಡಬ್ಬಿಯಲ್ಲಿ. ಅದು ಬಿಸಿಯಾದಾಗ ಹೀಗೆ ವಾಸನೆ ಬರುತ್ತದೆ. ಅಷ್ಟರಲ್ಲಿ ವಿಮಾನದ ಮೂತಿ ಕೆಳಗಾಯಿತು. ಹಿಂದಿನಿಂದ ಕಿರುಚಾಟ. ಆದರೆ ಮಾಸ್ಕ್ ಬಿದ್ದ ಮೇಲೆ ಪೈಲಟ್ ಬೇಗ ಇಳಿಸಲೇಬೇಕು. 10,000 ಅಡಿಗೆ ಬಂದರೆ ಮಾಸ್ಕ್ ಇಲ್ಲದೆ ಉಸಿರಾಡಬಹುದು.

ಕೈ ನಡುಗುತ್ತಿತ್ತಾ? ಹೌದು, ಚೆನ್ನಾಗಿಯೇ ನಡುಗುತ್ತಿತ್ತು. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊರಗೆ ಬಿಡುವುದು ಉದ್ದವಾಗಿರಬೇಕು, ಎದೆಬಡಿತ ಇಳಿಯುವುದು ಅದರಿಂದಲೇ. ಹತ್ತಿರದ ನಿಲ್ದಾಣದಲ್ಲಿ ಇಳಿದೆವು, ಕಿವಿನೋವು ಬಿಟ್ಟರೆ ಏನೂ ಆಗಲಿಲ್ಲ.

ಈಗ ಕೂತ ತಕ್ಷಣ ತುರ್ತು ಬಾಗಿಲಿನವರೆಗಿನ ಸೀಟಿನ ಸಾಲು ಎಣಿಸುತ್ತೇನೆ. ಹೊಗೆ ತುಂಬಿದರೆ ಕಣ್ಣು ಕಾಣುವುದಿಲ್ಲ, ಕೈಯಲ್ಲೇ ಸೀಟು ತಡವಿಕೊಂಡು ಹೋಗಬೇಕು. ಬೆಲ್ಟ್ ಬಕಲ್ ಒಂದೆರಡು ಸಲ ಎತ್ತಿ ಬಿಚ್ಚುತ್ತೇನೆ. ಗಾಬರಿಯಲ್ಲಿ ಜನ ಕಾರಿನ ಬೆಲ್ಟ್ ಎಂದುಕೊಂಡು ಇಲ್ಲದ ಗುಂಡಿ ಹುಡುಕುತ್ತಾರಂತೆ! ಲೈಫ್ ಜಾಕೆಟ್ ಊದುವುದು ಬಾಗಿಲು ದಾಟುವಾಗ. ಒಳಗೇ ಊದಿದರೆ, ನೀರು ನುಗ್ಗಿದಾಗ ಅದು ನಮ್ಮನ್ನು ಛಾವಣಿಗೆ ಒತ್ತಿಬಿಡುತ್ತದೆ.

ಬ್ಯಾಗಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಹೊತ್ತಿ ಉರಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಜನರೂ ಜೀವಂತ ಹೊರಬಂದರು. ಅಲ್ಲಿ ಎಲ್ಲರೂ ನಿಂತು ಮೇಲಿನ ಬ್ಯಾಗ್ ಎಳೆದಿದ್ದರೆ? ಪಾಸ್‌ಪೋರ್ಟ್, ಫೋನ್, ಮಾತ್ರೆ ನನ್ನ ಜೇಬಿನಲ್ಲೇ ಇರುತ್ತವೆ. ಶೂ ಕಾಲಲ್ಲೇ ಇರುತ್ತದೆ, ಕನಿಷ್ಠ ಟೇಕಾಫ್ ಮತ್ತು ಲ್ಯಾಂಡಿಂಗ್ ಹೊತ್ತಿನಲ್ಲಿ.