ಗಾಲಿ ಮೇಲಿನ ಮನೆಗೂ ಮನೆ ಖರ್ಚು ಇದೆ

ಮನೆ ಬಾಡಿಗೆ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಆರ್‌ವಿ, ಅಂದರೆ ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲ ಒಳಗೇ ಇರುವ ಗಾಡಿ, ಕೊಳ್ಳಲು ಹೊರಟವರನ್ನು ನೋಡಿದರೆ ನನಗೆ ತಲೆ ಬಿಸಿಯಾಗುತ್ತದೆ. ಬಾಡಿಗೆ ಉಳಿಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಮನೆಯೂ ಹೌದು, ಗಾಡಿಯೂ ಹೌದು ಅಲ್ವಾ? ನಲ್ಲಿ ಸೋರಿದರೂ ನಿಮ್ಮ ಖರ್ಚು, ಗೇರ್ ಕೈಕೊಟ್ಟರೂ ನಿಮ್ಮ ಖರ್ಚು. ಅದರ ಮೇಲೆ, ಹೋಗುವ ದಾರಿಯುದ್ದಕ್ಕೂ ಇಡೀ ಮನೆ ಗಡಗಡ ನಡುಗುತ್ತಿರುತ್ತದೆ. ಸ್ಕ್ರೂ ಸಡಿಲವಾಗದೆ ಇನ್ನೇನಾಗುತ್ತದೆ?

ಹೊಸ ಗಾಡಿಯನ್ನು ವರ್ಷಗಟ್ಟಲೆ ಕಂತಿನ ಸಾಲ ಮಾಡಿ ತರಬೇಡಿ. ಶೋರೂಮಿನಿಂದ ಹೊರಗೆ ಬಂದ ದಿನದಿಂದಲೇ ಅದರ ಬೆಲೆ ಇಳಿಯುತ್ತದೆ. ನಡುವೆ ಬೇಸರ ಬಂದು ಮಾರಲು ಹೋದರೆ, ಸಿಗುವ ದುಡ್ಡಿಗಿಂತ ಬಾಕಿ ಸಾಲವೇ ಜಾಸ್ತಿ ಇರುತ್ತದೆ. ಒಂದಷ್ಟು ವರ್ಷ ಓಡಿದ, ಸೋರದ ಗಾಡಿ ಹುಡುಕಿ. ಸೋರಿದೆಯೋ ಇಲ್ಲವೋ ನೋಡಲು ಹೆಬ್ಬೆರಳು ಸಾಕು. ಚಾವಣಿಯ ಗಾಳಿಕಿಂಡಿ ಸುತ್ತ, ಕಿಟಕಿ ಕೆಳಗೆ, ಮೂಲೆಗಳಲ್ಲಿ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋಯಿತೋ, ಅಲ್ಲಿ ಮರ ಕೊಳೆತಿದೆ. ಮಾರುವವನು ಎಷ್ಟು ಸಿಹಿಯಾಗಿ ಮಾತಾಡಿದರೂ ಎದ್ದು ಬನ್ನಿ.

ರಜೆಗೆ ಸುತ್ತಾಡಲು ಎಂದು ಮಾಡಿಸಿದ ವಿಮೆ, ಅದರಲ್ಲೇ ವಾಸ ಮಾಡುವವರಿಗೆ ಎಷ್ಟೋ ಸಲ ನಡೆಯುವುದಿಲ್ಲ. ಕಾಯಂ ಇರುತ್ತೇವೆ ಎಂದು ಬಾಯಿಬಿಟ್ಟು ಹೇಳಿ, ಕಾಗದದಲ್ಲಿ ಬರೆಸಿಕೊಳ್ಳಿ. ಬ್ಯಾಂಕಿಗೆ, ಲೈಸೆನ್ಸಿಗೆ, ಟಪಾಲಿಗೆ ಒಂದು ಗಟ್ಟಿ ವಿಳಾಸವೂ ಬೇಕು. ಇನ್ನು ರಿಪೇರಿ. ಗಾಡಿ ಗ್ಯಾರೇಜು ಸೇರಿದ ದಿನ ನೀವು ಎಲ್ಲಿ ಮಲಗುತ್ತೀರಿ? ಈ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದೇ ಇಲ್ಲ. ಬಿಡಿ ಭಾಗ ಬರಲು ವಾರಗಟ್ಟಲೆ ಆಗಬಹುದು. ರಿಪೇರಿ ದುಡ್ಡಿನ ಜೊತೆ ಲಾಡ್ಜಿನ ದುಡ್ಡನ್ನೂ ಬೇರೆ ತೆಗೆದಿಡಿ, ಅದನ್ನು ಮುಟ್ಟಬೇಡಿ.

ಮತ್ತೆ ಈ ಅವಸರ ಒಂದು. ಇವತ್ತು ಇಲ್ಲಿ, ನಾಳೆ ಅಲ್ಲಿ. ಹಾಗೆ ಓಡಿದರೆ ದುಡ್ಡೆಲ್ಲ ಡೀಸೆಲ್ಲಿಗೇ ಹೋಗುತ್ತದೆ. ಒಂದು ಜಾಗದಲ್ಲಿ ತಿಂಗಳು ನಿಂತರೆ ದಿನದ ಲೆಕ್ಕಕ್ಕಿಂತ ಗಾಡಿ ನಿಲ್ಲಿಸುವ ಜಾಗದ ಬಾಡಿಗೆಯೂ ಕಡಿಮೆ ಬೀಳುತ್ತದೆ, ಗಾಡಿಯೂ ಸವೆಯುವುದಿಲ್ಲ. ಹಾಗಂತ ನಿಂತೇ ಇದ್ದರೆ ಟೈರು ಚೆನ್ನಾಗಿರುತ್ತದೆ ಅಂದುಕೊಳ್ಳಬೇಡಿ. ಆರ್‌ವಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದಲ್ಲಿ 4 ಅಂಕಿ ಒತ್ತಿರುತ್ತಾರೆ, ಮೊದಲ ಎರಡು ಅಂಕಿ ವಾರದ್ದು, ಕೊನೆಯ ಎರಡು ವರ್ಷದ್ದು. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರೇಳು ವರ್ಷ ದಾಟಿದ್ದರೆ, ಗೆರೆ ಎಷ್ಟೇ ಆಳವಾಗಿ ಕಾಣಲಿ, ಬದಲಿಸಿ. ತೂಕವೂ ಅಷ್ಟೇ. ಒಂದು ಲೀಟರ್ ನೀರಿಗೆ ಒಂದು ಕಿಲೋ. 150 ಲೀಟರಿನ ಟ್ಯಾಂಕ್ ತುಂಬಿಸಿದರೆ 150 ಕಿಲೋ ಹೇರಿದಿರಿ. ಸಾಮಾನು, ನೀರು, ಜನ ಎಲ್ಲ ತುಂಬಿಸಿ ಒಮ್ಮೆ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಿ.

ಈಗ ನಾನು ಹೇಳಲೇಬೇಕಾದ ವಿಷಯ. ಮೂಗು ಮುರಿಯಬೇಡಿ, ನೀವೇ ದಿನಾ ಮಾಡುವ ಕೆಲಸ. ಗಾಡಿಯ ಅಡಿಯಲ್ಲಿ ಎರಡು ಕೊಳೆ ಟ್ಯಾಂಕ್ ಇರುತ್ತವೆ. ಕಕ್ಕಸಿನದು ಬ್ಲ್ಯಾಕ್ ಟ್ಯಾಂಕ್, ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿನದು ಗ್ರೇ ಟ್ಯಾಂಕ್. ಈಗಿನ ಹುಡುಗರು ಒಳಚರಂಡಿ ಇರುವ ಜಾಗ ಸಿಕ್ಕಿದ್ದೇ ಪೈಪ್ ಸಿಕ್ಕಿಸಿ, ಬ್ಲ್ಯಾಕ್ ಟ್ಯಾಂಕಿನ ವಾಲ್ವನ್ನೂ ತೆರೆದೇ ಬಿಟ್ಟು ಹಾಯಾಗಿರುತ್ತಾರೆ. ಏನಾಗುತ್ತದೆ? ನೀರು ಹರಿದು ಹೋಗುತ್ತದೆ, ಗಟ್ಟಿಯದು ಅಲ್ಲೇ ಕೂರುತ್ತದೆ. ಒಂದರ ಮೇಲೊಂದು ಕೂತು, ಒಣಗಿ, ಗುಡ್ಡವಾಗುತ್ತದೆ. ಆಮೇಲೆ ಯಾವ ದ್ರಾವಣ ಸುರಿದರೂ ಜಪ್ಪಯ್ಯ ಎಂದರೂ ಕದಲುವುದಿಲ್ಲ.

ಆ ವಾಲ್ವ್ ಮುಚ್ಚಿಯೇ ಇರಬೇಕು ಕಣ್ರೀ. ಖಾಲಿ ಮಾಡಿದ ಮೇಲೆ ಟ್ಯಾಂಕಿಗೆ ನೀರು ಬಿಡಿ, ತಳ ಪೂರ್ತಿ ಮುಳುಗುವಷ್ಟು. ಒಂದು ಬಕೆಟ್ಟಿಗೆ ಕೈ ಬಿಗಿ ಹಿಡಿಯಬೇಡಿ, ಮೇಲೆ ಇನ್ನೊಂದಿಷ್ಟು ಹೋಗಲಿ. ಫ್ಲಶ್ ಮಾಡುವಾಗ ಮೊದಲು ಬೋಗುಣಿಯಲ್ಲಿ ನೀರು ತುಂಬಿಸಿ, ಆಮೇಲೆ ಪೆಡಲ್ ಪೂರ್ತಿ ಒತ್ತಿ. ನೀರು ದಡಕ್ಕೆಂದು ಒಟ್ಟಿಗೆ ಬೀಳಬೇಕು, ಆಗಲೇ ಗುಡ್ಡ ಏಳುವುದಿಲ್ಲ. ಕಾಗದ ಹಾಕುವವರು ಒಂದು ತುಂಡನ್ನು ನೀರಿನ ಬಾಟಲಿಯಲ್ಲಿ ಹಾಕಿ ಕುಲುಕಿ ನೋಡಿ. ಚೂರುಚೂರಾಗಿ ಕರಗಿದರೆ ಸರಿ, ಇಡಿಯಾಗಿ ತೇಲಿದರೆ ಆ ಕಾಗದ ಬೇಡ.

ಮುಕ್ಕಾಲು ತುಂಬುವ ತನಕ ಖಾಲಿ ಮಾಡಬೇಡಿ. ತುಂಬಿದ್ದು ಹೇಗೆ ಗೊತ್ತಾಗುತ್ತದೆ ಎಂದು ಗೋಡೆಯ ಮೇಲಿನ ದೀಪ ನೋಡುತ್ತಾ ನಿಲ್ಲಬೇಡಿ. ಒಳಗಿನ ಸೆನ್ಸರಿಗೆ ಕಾಗದ ಅಂಟಿಕೊಂಡರೆ ಅದು ಸುಳ್ಳು ಹೇಳುತ್ತದೆ. ಕಿವಿ ಕೊಡಿ. ಖಾಲಿ ಟ್ಯಾಂಕಿಗೆ ನೀರು ಬಿದ್ದರೆ ಟೊಳ್ಳು ಸದ್ದು, ತುಂಬುತ್ತಾ ಬಂದಂತೆ ಆ ಸದ್ದು ಗಿಡ್ಡವಾಗುತ್ತದೆ. ಜಾಗ ಬಿಡುವ ದಿನ ಬಂದು ಟ್ಯಾಂಕ್ ಅರ್ಧವೇ ಆಗಿದ್ದರೆ ಸುಮ್ನೆ ನೀರು ಬಿಟ್ಟು ಮುಕ್ಕಾಲು ಮಾಡಿಕೊಳ್ಳಿ. ಒಂದಿಷ್ಟು ದೂರ ಓಡಿಸಿದ ಮೇಲೆ ಖಾಲಿ ಮಾಡಿದರೆ ಇನ್ನೂ ಒಳ್ಳೆಯದು, ಒಳಗೆ ಎಲ್ಲ ಕಲಕಿರುತ್ತದೆ.

ಕೈಗವಸು ಹಾಕಿ. ಪೈಪು ಚರಂಡಿ ಕಡೆಗೆ ಇಳಿಜಾರಾಗಿರಲಿ. ಮೊದಲು ಬ್ಲ್ಯಾಕ್ ವಾಲ್ವ್. ಹೆದರಿ ಹೆದರಿ ಎಳೆಯಬೇಡಿ, ಒಂದೇ ಸಲಕ್ಕೆ ಪೂರ್ತಿ ಎಳೆಯಿರಿ, ರಭಸದಲ್ಲಿ ಹೋಗಬೇಕು. ಸ್ವಲ್ಪ ಹೊತ್ತಿಗೆ ಸದ್ದು ನಿಲ್ಲುತ್ತದೆ. ಅಲ್ಲಿಗೆ ಮುಗಿಯಿತು ಎಂದು ಮುಚ್ಚುವವರೇ ಎಲ್ಲ. ನಮ್ಮ ಯಜಮಾನರೂ ಅಷ್ಟೇ, ಸದ್ದು ತಗ್ಗಿದ್ದೇ ವಾಲ್ವಿಗೆ ಕೈ ಹಾಕುತ್ತಿದ್ದರು. ನಾನು ಪಕ್ಕದಲ್ಲೇ ನಿಂತು "ತಡೀರಿ, ಇನ್ನೂ ಇದೆ" ಅನ್ನುತ್ತಿದ್ದೆ. ಅವರು ಗೊಣಗುತ್ತಾ ನಿಂತಿರುವಾಗಲೇ ಇನ್ನೊಂದು ಬಾರಿ ದಬದಬ ಬರುತ್ತಿತ್ತು. ಮೊದಲು ನೀರು ಹೋಗುತ್ತದೆ, ಹಿಂದೆ ಉಳಿದದ್ದು ನಿಧಾನಕ್ಕೆ ಜಾರಿ ಬರುತ್ತದೆ. ಅದಕ್ಕೆ ಪುರುಸೊತ್ತು ಕೊಡಿ. ಆಮೇಲೆ ಬ್ಲ್ಯಾಕ್ ಮುಚ್ಚಿ ಗ್ರೇ ತೆರೆಯಿರಿ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಇದನ್ನೇ ತಿರುಗುಮುರುಗು ಮಾಡಿ, ಆಮೇಲೆ ಪೈಪು ನಾರುತ್ತದೆ ಎಂದು ಗೋಳಾಡುವವರಿಗೆ ಏನು ಹೇಳೋಣ! ಕೊನೆಗೆ ಗಾಡಿಯ ಕಡೆಯ ತುದಿಯಿಂದ ಪೈಪನ್ನು ಮೊಳ ಮೊಳವಾಗಿ ಎತ್ತುತ್ತಾ ಬನ್ನಿ, ಒಳಗೆ ನಿಂತ ನೀರೆಲ್ಲ ಇಳಿಯುತ್ತದೆ. ಈ ಪೈಪನ್ನು ತೊಳೆಯುವ ಹೋಸ್ ಬೇರೆ, ಕುಡಿಯುವ ನೀರಿನ ಹೋಸ್ ಬೇರೆ. ಬಣ್ಣವೂ ಬೇರೆ, ಇಡುವ ಡಬ್ಬಿಯೂ ಬೇರೆ ಇರಲಿ. ಇದರಲ್ಲಿ ಸೋಮಾರಿತನ ಮಾಡಿದರೆ ಹೊಟ್ಟೆ ಕೆಡುತ್ತದೆ.

ಒಗೆಯುವ ಕೆಲಸಕ್ಕೆ ನನ್ನದು ಸುಲಭ ದಾರಿ. ಗಟ್ಟಿ ಮುಚ್ಚಳದ ಬಕೆಟ್ಟಿನಲ್ಲಿ ಬಟ್ಟೆ, ಸೋಪು, ಅರ್ಧಕ್ಕೆ ನೀರು ಹಾಕಿ ಬಚ್ಚಲಲ್ಲಿ ಅಲುಗದಂತೆ ಸಿಕ್ಕಿಸಿಡಿ. ದಾರಿಯೇ ಒಗೆದು ಕೊಡುತ್ತದೆ, ಸೇರಿದ ಮೇಲೆ ಜಾಲಿಸಿದರೆ ಆಯಿತು. ಆದರೆ ಒದ್ದೆ ಬಟ್ಟೆ ಒಳಗೆ ಹರವಬೇಡಿ.

ಒಳಗೆ ತೇವ ಮೊದಲೇ ಸಾಕಷ್ಟಿರುತ್ತದೆ. ಒಂದು ಕಿಲೋ ಅಡುಗೆ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕಿಲೋ ನೀರು ಆವಿಯಾಗಿ ಗಾಡಿಯೊಳಗೇ ಸೇರುತ್ತದೆ. ಚಳಿ ಎಂದು ಎಲ್ಲ ಬಿಗಿಯಾಗಿ ಮುಚ್ಚಿದರೆ ಆ ನೀರೆಲ್ಲ ಕಿಟಕಿ ಮೇಲೆ, ಹಾಸಿಗೆ ಅಡಿಯಲ್ಲಿ ಕೂರುತ್ತದೆ. ಚಾವಣಿಯ ಕಿಂಡಿ ಒಂದು ಬೆರಳಷ್ಟು, ಎದುರು ಬದಿಯ ಕಿಟಕಿ ಒಂದು ಬೆರಳಷ್ಟು ಸದಾ ತೆರೆದಿರಲಿ. ಬೆಳಗ್ಗೆ ಎದ್ದು ಹಾಸಿಗೆಯ ಒಂದು ತುದಿ ಎತ್ತಿ ನಿಲ್ಲಿಸಿ. ಬೆಚ್ಚಗಾಗಲಿ ಎಂದು ಒಲೆ ಉರಿಸಿ ಮಲಗುವ ಹುಚ್ಚಾಟ ಮಾತ್ರ ಯಾರೂ ಮಾಡಬೇಡಿ. ಒಲೆ ಉರಿಯುವಾಗ ಹುಟ್ಟುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಅದನ್ನು ಪತ್ತೆ ಹಚ್ಚುವ ಅಲಾರಂ ಹಾಕಿಸಿ, ಅಲಾರಮ್ಮಿಗೂ ಆಯಸ್ಸು ಇರುತ್ತದೆ, ಹಿಂಬದಿಯಲ್ಲಿ ಬರೆದಿರುವುದನ್ನು ನೋಡಿ.

ಹೊರಡುವಾಗ ಒಂದು ಸುತ್ತು ಗಾಡಿಯನ್ನು ಕಣ್ಣಾರೆ ನೋಡಿ ಹತ್ತಿ. ಮೆಟ್ಟಿಲು ಮಡಚಿದೆಯೋ, ಕರೆಂಟಿನ ವೈರು ಬಿಚ್ಚಿದೆಯೋ. ಗಾಡಿಯ ಎತ್ತರವನ್ನು, ಮೇಲಿನ ಏಸಿಯನ್ನೂ ಸೇರಿಸಿ ಅಳೆದು, ದೊಡ್ಡ ಅಕ್ಷರದಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿ. ಸೇತುವೆಯ ಕೆಳಗೆ ಹೋಗಿ ನಿಂತ ಮೇಲೆ ಫೋನಿನಲ್ಲಿ ಹುಡುಕುತ್ತಾ ಕೂರಬೇಡಿ.