ಶಾಫ್ಟ್ ಎಳೆಯದೆ ಕಟ್‌ಲೆಸ್ ಬೇರಿಂಗ್ ಬದಲಾಯಿಸಿದ್ದು

ಹಾಯಿದೋಣಿಯ ಚುಕ್ಕಾಣಿ ಇಳಿಸದೆ, ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ ಹೊರಗೆ ಎಳೆಯದೆ ಕಟ್‌ಲೆಸ್ ಬೇರಿಂಗ್ (ನೀರಿನೊಳಗೆ ಆ ಶಾಫ್ಟಿಗೆ ಆಸರೆಯಾಗಿರುವ, ಒಳಗೆ ರಬ್ಬರ್ ಇರುವ ಹಿತ್ತಾಳೆ ಕೊಳವೆ) ಬದಲಾಯಿಸಬಹುದು. ಎಂಜಿನ್ ಅಲೈನ್‌ಮೆಂಟನ್ನೂ, ಅಂದರೆ ಎಂಜಿನ್ನನ್ನು ಶಾಫ್ಟಿನ ನೇರಕ್ಕೆ ತರುವುದನ್ನೂ, ಒಬ್ಬರೇ ಕೂತು ಮಾಡಬಹುದು. ಎರಡೂ ಆಗಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಪಕ್ಕದ ಬೋಟಿನವರಂತೂ ದಿನಾ ಸಂಜೆ ಬಂದು "ಸುಮ್ನೆ ರಿಪೇರಿ ಯಾರ್ಡಿಗೆ ಕೊಟ್ಟುಬಿಡಿ" ಅನ್ನುತ್ತಿದ್ದರು. ಕೆಲಸ ಮುಗಿಸಿ ನೂರು ಗಂಟೆಯ ಹತ್ತಿರ ಎಂಜಿನ್ ಓಡಿಸಿದ್ದೇನೆ. ಗಾಳಿ ಬಿದ್ದುಹೋದಾಗ ಇಡೀ ರಾತ್ರಿ ಓಡಿಸಿದ್ದೂ ಇದೆ. ಇನ್ನು ಧೈರ್ಯವಾಗಿ ಬರೆಯಬಹುದು.

ಈ ಕೆಲಸಕ್ಕೆ ಮೊದಲು, ದಾರಿಯಲ್ಲಿ ಎಂಜಿನ್ 1800 ಆರ್‌ಪಿಎಂ ದಾಟಿದರೆ ನೆಲದ ಹಲಗೆಗಳು ನಡುಗುತ್ತಿದ್ದವು. ಗ್ಲ್ಯಾಂಡಿನಿಂದ (ಶಾಫ್ಟು ಬೋಟಿನಿಂದ ಹೊರಹೋಗುವ ಕಡೆ ನೀರು ತಡೆಯುವ ಸೀಲು) ತೊಟ್ಟಿಕ್ಕುವ ನೀರೂ ಜಾಸ್ತಿಯಾಗಿತ್ತು. ಮರೀನಾಕ್ಕೆ ಹೋಗಿ ಬೋಟು ಮೇಲೆತ್ತಿಸಿದೆ. ಪ್ರೊಪೆಲ್ಲರ್ ಹಿಡಿದು ಅಲ್ಲಾಡಿಸಿದರೆ ಶಾಫ್ಟು ಎರಡು ಮಿಲಿಮೀಟರ್‌ನಷ್ಟು ಆಡುತ್ತಿತ್ತು. ರಬ್ಬರ್ ಸವೆದದ್ದು ಒಂದೇ ಪಕ್ಕ. ಹಾಗಿದ್ದರೆ ಬೇರಿಂಗ್ ಒಂದನ್ನೇ ಬದಲಾಯಿಸಿ ಪ್ರಯೋಜನವಿಲ್ಲ, ಅಲೈನ್‌ಮೆಂಟ್ ತಪ್ಪಿದೆ, ಎಂಜಿನ್ನಿಗೆ ಆಸರೆಯಾಗಿರುವ ಮೌಂಟೂ ಕುಸಿದಿರಬಹುದು ಅಂತ ಅರ್ಥ.

ಯಾರ್ಡಿನವರು ಕೊಟ್ಟ ಅಂದಾಜು ಹೀಗಿತ್ತು: ಬೋಟನ್ನು ಮತ್ತೆ ಕ್ರೇನಿಗೆ ತೂಗುಹಾಕಬೇಕು, ಚುಕ್ಕಾಣಿ ಇಳಿಸಬೇಕು, ಶಾಫ್ಟ್ ಎಳೆಯಬೇಕು, ಆಮೇಲೆ ಅಲೈನ್‌ಮೆಂಟ್. ಆ ಕೆಲಸದವರು ಸಿಗುವುದು ಮೂರು ವಾರ ಬಿಟ್ಟು. ಒಟ್ಟು ಖರ್ಚು ನನ್ನ ನಾಲ್ಕು ತಿಂಗಳ ಸಂಚಾರದ ಖರ್ಚಿಗೆ ಸಮ. ಅದರ ಮೇಲೆ ಬೋಟು ನಿಲ್ಲಿಸಿದ ಸ್ಟ್ಯಾಂಡಿನ ಬಾಡಿಗೆ ದಿನಾ ಏರುತ್ತಲೇ ಇರುತ್ತದೆ. ನಾನು ಮೊದಲು ಮಾಡಿದ್ದು ದಿನದ ಬಾಡಿಗೆಯನ್ನು ತಿಂಗಳ ಬಾಡಿಗೆಗೆ ಬದಲಾಯಿಸಿಕೊಂಡದ್ದು. ಅಲ್ಲಿ ತಿಂಗಳ ದರ ಹೆಚ್ಚುಕಡಿಮೆ ಎರಡು ವಾರದ ದಿನದರದಷ್ಟೇ ಇತ್ತು. "ನಾಲ್ಕೈದು ದಿನದಲ್ಲಿ ಆಗಿಬಿಡುತ್ತೆ" ಅನ್ನುವ ಮಾತು ನಂಬಿ ದಿನದ ಲೆಕ್ಕದಲ್ಲಿ ಕೂತವರು ನನ್ನ ಎದುರಿಗೇ ಇಬ್ಬರಿದ್ದರು. ಇಬ್ಬರೂ ತಿಂಗಳು ದಾಟಿದರು.

ಬೇರಿಂಗಿನ ಚಿಪ್ಪನ್ನು ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯುವುದು ಎಲ್ಲರೂ ಮಾಡುವ ಕೆಲಸ. ಶಾಫ್ಟ್ ಒಳಗೇ ಇದ್ದರೆ ಬ್ಲೇಡಿಗೆ ಜಾಗವಿಲ್ಲ. ಗ್ಯಾಸ್ ಟಾರ್ಚ್ ಹಿಡಿಯುವ ಹಾಗೂ ಇಲ್ಲ, ಬೇರಿಂಗನ್ನು ಹಿಡಿದಿರುವ ಪಿ-ಬ್ರ್ಯಾಕೆಟ್ ಹಲ್‌ಗೆ (ಬೋಟಿನ ಮೈಗೆ) ಕೂತಿರುವುದು ರೆಸಿನ್‌ನಲ್ಲಿ, ಬಿಸಿಗೆ ಅದು ಹಾಳಾಗುತ್ತದೆ. ಸುತ್ತಿಗೆಯ ಮಾತೇ ಬೇಡ. ಹಾಗಾಗಿ ಪುಲ್ಲರ್, ಅಂದರೆ ಬೇರಿಂಗನ್ನು ಒತ್ತಿ ಹೊರತೆಗೆಯುವ ಸಾಧನ, ಮಾಡಿಕೊಂಡೆ. ಬ್ರ್ಯಾಕೆಟ್ಟಿನ ಮುಂದೆ ಎರಡು ಹೋಳು ಮಾಡಿದ ಪೈಪು, ಶಾಫ್ಟನ್ನು ತಬ್ಬಿಕೊಂಡು ಬೇರಿಂಗಿನ ಅಂಚಿಗೆ ಒತ್ತುವ ಹಾಗೆ. ಅದರ ಬೆನ್ನಿಗೆ ಯು ಆಕಾರಕ್ಕೆ ಕೊರೆದ ಪ್ಲೇಟು. ಬ್ರ್ಯಾಕೆಟ್ಟಿನ ಹಿಂದೆ, ಬೇರಿಂಗ್ ಒಳಗೆ ಬಂದು ಕೂರುವಷ್ಟು ಅಗಲದ ಇನ್ನೊಂದು ಪೈಪು, ಅದಕ್ಕೊಂದು ಪ್ಲೇಟು. ಎರಡು ಪ್ಲೇಟನ್ನೂ ಜೋಡಿಸಲು ಎರಡು ಥ್ರೆಡ್ ರಾಡು, ನಟ್ಟು ಬಿಗಿದರೆ ಬೇರಿಂಗ್ ಹಿಂದಿನ ಪೈಪಿನೊಳಗೆ ಸರಿಯುವ ಹಾಗೆ. ಕಿತ್ತದ್ದು ಪ್ರೊಪೆಲ್ಲರ್ ಒಂದನ್ನೇ.

ಮೊದಲ ಪುಲ್ಲರ್ ಕೈಕೊಟ್ಟಿತು. ಸಾದಾ ಎಂ10 (10 ಮಿಲಿಮೀಟರ್) ರಾಡಿನ ಥ್ರೆಡ್ಡು ಹಿಗ್ಗಿ ನಟ್ಟು ಕಚ್ಚಿಕೊಂಡಿತು, 6 ಮಿಲಿಮೀಟರ್ ಪ್ಲೇಟು ಬಾಗಿತು, ಬೇರಿಂಗ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಪಕ್ಕದ ಬೋಟಿನವರ ಸಂಜೆ ಭೇಟಿ ಆವತ್ತು ಸ್ವಲ್ಪ ಉದ್ದವಾಯಿತು. ಎರಡನೇ ಸಲ ಹೈ ಟೆನ್ಸೈಲ್ ಎಂ12 ರಾಡು, 12 ಮಿಲಿಮೀಟರ್ ಪ್ಲೇಟು. ಎರಡೂ ನಟ್ಟಿಗೆ ಕಾಲು ಸುತ್ತು, ಕಾಲು ಸುತ್ತು. ಬಿಗಿ ಮಾಡಿ ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಿಗ್ಗೆ ಇನ್ನೊಂದು ಕಾಲು ಸುತ್ತು ಕೊಟ್ಟಾಗ ಟಪ್ ಅಂತ ಸದ್ದು, ಹಿತ್ತಾಳೆಯ ಹೊಳೆಯುವ ಅಂಚು ಬ್ರ್ಯಾಕೆಟ್ಟಿನಿಂದ ಒಂದಿಷ್ಟೇ ಹೊರಗೆ! ಆಮೇಲೆ ಅರ್ಧ ಗಂಟೆಯ ಕೆಲಸ. ಬೇರಿಂಗನ್ನು ಬ್ರ್ಯಾಕೆಟ್ಟಿಗೆ ಬಿಗಿದಿರುವ ಗ್ರಬ್ ಸ್ಕ್ರೂ ಮೊದಲೇ ಬಿಚ್ಚಿರಬೇಕು. ತುಕ್ಕು ಹಿಡಿದು ಕೂತಿದ್ದ ಅದನ್ನು ಹೇಗೆ ಬಿಚ್ಚಿದೆ, ಹೋಳು ಪೈಪು ಜಾರದಂತೆ ಏನು ಮಾಡಿದೆ, ಈ ಎರಡನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಹೊಸ ಬೇರಿಂಗಿನದು ಬೇರೆ ಕಥೆ. ನನ್ನದು 30 ಮಿಲಿಮೀಟರ್ ಶಾಫ್ಟು. ಅಳತೆ ಬರೆದು, ಫೋಟೋ ಸಮೇತ ಕಳಿಸಿದ್ದರೂ ಬಂದದ್ದು ಇಂಚಿನ ಅಳತೆಯಲ್ಲಿ ಮಾಡಿದ ಬೇರಿಂಗ್. ವಾಪಸ್ ಕಳಿಸಿ, ಮತ್ತೆ ಕಸ್ಟಮ್ಸ್ ದಾಟಿ ಬರುವಷ್ಟರಲ್ಲಿ ಹತ್ತಿರ ಹತ್ತಿರ ಮೂರು ವಾರ. ಸಾಗಣೆಗೆ ಕೊಟ್ಟದ್ದು ಬೇರಿಂಗಿನ ಬೆಲೆಗಿಂತ ಜಾಸ್ತಿ! ಬಂದ ಮೇಲೆ ಒಂದು ರಾತ್ರಿ ಫ್ರೀಜರಿನಲ್ಲಿಟ್ಟೆ. ಹಿತ್ತಾಳೆ ಕುಗ್ಗುವುದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗ ಇರಬಹುದು, ಆದರೆ ಅಷ್ಟೇ ಸಾಕು. ಒಳಗಿನ ರಬ್ಬರಿಗೆ ಗ್ರೀಸ್ ಹಾಕಲಿಲ್ಲ, ಪಾತ್ರೆ ತೊಳೆಯುವ ಸೋಪು ಸವರಿದೆ. ಅದೇ ಪುಲ್ಲರನ್ನು ತಿರುಗಿಸಿ ಹಾಕಿ ಒತ್ತಿದೆ, ಸಲೀಸಾಗಿ ಕೂತಿತು.

ಕಾಯುತ್ತಾ ಕೂತಿದ್ದ ದಿನಗಳಲ್ಲಿ ನಾಲ್ಕೂ ಎಂಜಿನ್ ಮೌಂಟು ಬದಲಾಯಿಸಿದೆ. ಬೋಟು ಸ್ಟ್ಯಾಂಡ್ ಮೇಲಿರುವಾಗ ಹಲ್ ಚೂರು ಬಾಗಿರುತ್ತದೆ, ಆಗ ಅಲೈನ್‌ಮೆಂಟ್ ಮಾಡಬಾರದು ಅಂತ ಎಲ್ಲರೂ ಹೇಳುತ್ತೇವೆ ಅಲ್ವಾ, ಎಷ್ಟು ವ್ಯತ್ಯಾಸ ಬರುತ್ತದೆ ಅಂತ ಅಳೆದೇ ನೋಡೋಣ ಅನ್ನಿಸಿತು. ಎಂಜಿನ್ನನ್ನೂ ಶಾಫ್ಟನ್ನೂ ಜೋಡಿಸುವುದು ಕಪ್ಲಿಂಗ್, ಅಂದರೆ ಎದುರುಬದುರಾದ ಎರಡು ಫ್ಲ್ಯಾಂಜು (ದುಂಡು ತಟ್ಟೆ). ಸ್ಟ್ಯಾಂಡ್ ಮೇಲೆ ಅವುಗಳ ನಡುವಿನ ಗ್ಯಾಪಿನಲ್ಲಿ ಮೇಲಕ್ಕೂ ಕೆಳಕ್ಕೂ ಇದ್ದ ವ್ಯತ್ಯಾಸ 0.1 ಮಿಲಿಮೀಟರ್. ನೀರಿಗಿಳಿಸಿ ಎರಡು ದಿನ ಬಿಟ್ಟು ನೋಡಿದರೆ 0.3ರ ಹತ್ತಿರ. ಬ್ಯಾಕ್‌ಸ್ಟೇ (ಹಾಯಿಕಂಬವನ್ನು ಹಿಂದಕ್ಕೆ ಎಳೆದು ಹಿಡಿಯುವ ತಂತಿ) ಬಿಗಿ ಮಾಡಿದರೆ ಇನ್ನೊಂದು 0.05 ಸೇರಿತು. ಹಾಗಾಗಿ ಟ್ಯಾಂಕುಗಳನ್ನು ಅರ್ಧ ತುಂಬಿಸಿ, ರಿಗ್ಗನ್ನು (ಹಾಯಿಕಂಬದ ತಂತಿಗಳನ್ನು) ಓಡಾಡುವಾಗಿನ ಬಿಗಿಯಲ್ಲೇ ಇಟ್ಟು ಕೆಲಸ ಶುರು ಮಾಡಿದೆ.

ಕಪ್ಲಿಂಗ್ ಬಿಚ್ಚಿದ ಕೂಡಲೇ ಶಾಫ್ಟಿನ ತುದಿ ತನ್ನ ಭಾರಕ್ಕೆ ಜೋತುಬೀಳುತ್ತದೆ. ಬಹಳ ಜನ ಅದನ್ನು ಕಣ್ಣಂದಾಜಿನಲ್ಲಿ ಎತ್ತಿ ಹಿಡಿಯುತ್ತಾರೆ. ನಾನು ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಕಟ್ಟಿದೆ. 30 ಮಿಲಿಮೀಟರ್ ಸ್ಟೀಲ್ ಶಾಫ್ಟು ಮೀಟರಿಗೆ ಐದೂವರೆ ಕಿಲೋ ತೂಗುತ್ತದೆ. ನನ್ನಲ್ಲಿ ಗ್ಲ್ಯಾಂಡಿನಿಂದ ಎಂಜಿನ್ ಕಡೆಗೆ ಆಸರೆ ಇಲ್ಲದೆ ಇರುವುದು 60 ಸೆಂಟಿಮೀಟರ್, ಅಂದರೆ ಮೂರು ಕಿಲೋ ಚಿಲ್ಲರೆ. ಅದರ ಅರ್ಧ, ಜೊತೆಗೆ ಕಪ್ಲಿಂಗಿನ ಪೂರ್ತಿ ತೂಕ ಎರಡೂವರೆ ಕಿಲೋ. ತಕ್ಕಡಿಯಲ್ಲಿ ನಾಲ್ಕು ಕಿಲೋ ತೋರಿಸುವವರೆಗೆ ಎತ್ತಿ ಕಟ್ಟಿಬಿಟ್ಟೆ. ಈ ಲೆಕ್ಕವೇ ನನ್ನ ಕೆಲಸವನ್ನು ಉಳಿಸಿದ್ದು. ಆಮೇಲೆ ನಾಲ್ಕು ಕಡೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಬ್ಲೇಡುಗಳು) ತೂರಿಸಿ ಅಳೆದೆ. ಶಾಫ್ಟನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆದೆ. ಗ್ಯಾಪ್ ಶಾಫ್ಟಿನ ಜೊತೆ ತಿರುಗಲಿಲ್ಲ, ಅಂದರೆ ಶಾಫ್ಟು ಬಾಗಿಲ್ಲ. ಮೇಲ್ಗಡೆ ಗ್ಯಾಪ್ ಜಾಸ್ತಿ ಇತ್ತು, ಮುಂದಿನ ಎರಡು ಮೌಂಟು ಎತ್ತಿದೆ. ಎತ್ತಿದರೆ ಪಕ್ಕಕ್ಕೆ ಸರಿಯುತ್ತದೆ, ಪಕ್ಕ ಸರಿಮಾಡಿದರೆ ಎತ್ತರ ತಪ್ಪುತ್ತದೆ. ಎರಡು ದಿನ ಇದೇ ಆಯಿತು. ನನ್ನದು 100 ಮಿಲಿಮೀಟರ್ ಫ್ಲ್ಯಾಂಜ್, 0.1 ಒಳಗಿದ್ದರೆ ಸಾಕು. 0.06ಕ್ಕೆ ತಂದು ನಿಲ್ಲಿಸಿದೆ. ಯಾರ್ಡಿನವರೇ ತಮ್ಮ ಗೇಜ್ ತಂದು ಅಳೆದು ನೋಡಿದರು, ಏನೂ ಹೇಳದೆ ತಲೆಯಾಡಿಸಿದರು.

ನೀರಿಗಿಳಿಸಿದ ಮೇಲೆ ಇನ್ನೊಂದು ಪ್ರಯೋಗ. ಬರ್ತಿನಲ್ಲಿ (ಬೋಟು ಕಟ್ಟುವ ಜಾಗದಲ್ಲಿ) ಶೋರ್ ಪವರ್, ಅಂದರೆ ದಡದ ಕರೆಂಟು, ಹಾಕಿಕೊಂಡು ವಾರಗಟ್ಟಲೆ ನಿಂತರೆ ಶಾಫ್ಟು ಸವೆಯದಂತೆ ಅದಕ್ಕೆ ಕಟ್ಟುವ ಜಿಂಕ್ ಬೇಗ ಕರಗಬಹುದು. ಎಂಜಿನ್ ಬ್ಲಾಕಿಗೆ ತಂತಿ ಕಟ್ಟಿ ಒಂದು ಹಳೇ ಜಿಂಕನ್ನು ನೀರಿಗೆ ಇಳಿಬಿಟ್ಟೆ. ಎರಡು ವಾರದಲ್ಲಿ ಅದು ಕಾಲು ಭಾಗ ತಿಂದುಹೋಗಿತ್ತು, ಶಾಫ್ಟಿನದು ಹಾಗೇ ಇತ್ತು. ಗ್ಯಾಲ್ವನಿಕ್ ಐಸೊಲೇಟರ್ (ದಡದ ಕರೆಂಟಿನ ಅರ್ಥ್ ತಂತಿಯಲ್ಲಿ ಇಂಥ ಸವೆತ ತರುವ ಹರಿವನ್ನು ತಡೆಯುವ ಸಾಧನ) ಇಲ್ಲದವರು ಬರ್ತಿನಲ್ಲಿ ನಿಂತ ದಿನಗಳಲ್ಲಿ ಇದನ್ನಾದರೂ ಮಾಡಿ.

ಪುಲ್ಲರ್, ಬೇರಿಂಗ್, ಮೌಂಟು, ಸಾಗಣೆ, ಬಾಡಿಗೆ ಎಲ್ಲ ಸೇರಿ ಯಾರ್ಡಿನ ಅಂದಾಜಿನ ಮೂರನೇ ಒಂದು ಭಾಗ ಆಗಿರಬಹುದು. ಅದರಲ್ಲಿ ಅರ್ಧ ಬಾಡಿಗೆಯೇ. ಇಪ್ಪತ್ತು ಗಂಟೆ ಓಡಿಸಿದ ಮೇಲೆ ಹೊಸ ಮೌಂಟು ಸ್ವಲ್ಪ ಕೂತಿತ್ತು, ಮುಂದಿನ ಎರಡಕ್ಕೂ ಚೂರು ಏರಿಕೆ ಕೊಟ್ಟೆ. ಮೊನ್ನೆ ಮತ್ತೆ ಬಿಚ್ಚಿ ನೋಡಿದೆ, ಫ್ಲ್ಯಾಂಜುಗಳನ್ನು ಕೂಡಿಸಿ ಹಿಡಿದರೆ 0.1ರ ಬ್ಲೇಡು ಯಾವ ಕಡೆಯೂ ಒಳಗೆ ಹೋಗಲಿಲ್ಲ. ಪುಲ್ಲರ್ ಈಗ ಪಕ್ಕದ ಬೋಟಿನವರ ಹತ್ತಿರ ಇದೆ.