ಮ್ಯಾಂಚೆಸ್ಟರಿಗೆ ಹೊರಟಿರುವ ಬೆಂಗಳೂರಿನ ಫುಟ್ಬಾಲ್ ಅಭಿಮಾನಿಗಳಿಗೆ

ಓದಿಗೋ ಕೆಲಸಕ್ಕೋ ಬೆಂಗಳೂರಿನಿಂದ ಮ್ಯಾಂಚೆಸ್ಟರಿಗೆ ಹೊರಡುವ ನಮ್ಮ ಹುಡುಗ ಹುಡುಗಿಯರಲ್ಲಿ ಅನೇಕರು ಈಗ ಮ್ಯಾಂಚೆಸ್ಟರ್ ಸಿಟಿಯ ಅಭಿಮಾನಿಗಳಾಗಿಯೇ ವಿಮಾನ ಹತ್ತುತ್ತಾರೆ. ನಾನು ಆ ಊರಿನಲ್ಲಿ ನೆಲೆಸಿ ಬಹಳ ವರ್ಷಗಳಾದವು. ರಜೆಗೆ ಜಯನಗರದ ಮನೆಗೆ ಬಂದಾಗಲೆಲ್ಲ, ಸೆಪ್ಟೆಂಬರಿನಲ್ಲಿ ಹೊರಡಲಿರುವ ಮಕ್ಕಳನ್ನು ಅವರ ತಂದೆ ತಾಯಂದಿರು ಕರೆದುಕೊಂಡು ಬರುತ್ತಾರೆ. ಬಾಡಿಗೆ ಮನೆ, ಬ್ಯಾಂಕ್ ಖಾತೆ, ಚಳಿಗೆ ಬೇಕಾದ ಬಟ್ಟೆ, ಇವುಗಳ ಮಾತು ಮುಗಿದು ಹಿರಿಯರು ಕಾಫಿಗೆ ಎದ್ದ ಮೇಲೆ ಆ ಮಕ್ಕಳು ಮೆಲ್ಲಗೆ ಕೇಳುವುದು ಪಂದ್ಯದ ಟಿಕೆಟ್ ಹೇಗೆ ಸಿಗುತ್ತದೆ ಎಂದು. ಟಿಕೆಟ್ಟಿನ ವಿಷಯವನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ನೀವು ಹೋಗಿ ಕುಳಿತುಕೊಳ್ಳುವ ಗ್ಯಾಲರಿ ಎಂಥದು, ಅಲ್ಲಿ ಮೊದಲಿನಿಂದ ಇದ್ದವರು ಯಾರು, ಹಣವೂ ಗೆಲುವೂ ಬಂದ ಮೇಲೆ ಅವರಿಗೆ ಏನಾಯಿತು ಎಂಬುದನ್ನು ತಿಳಿದಿರಬೇಕು. ಏಕೆಂದರೆ ನೀವು ಆ ಬದಲಾವಣೆಯನ್ನು ಹೊರಗೆ ನಿಂತು ನೋಡುವವರಲ್ಲ, ಅದರ ಒಂದು ಭಾಗವಾಗಿಯೇ ಅಲ್ಲಿಗೆ ಹೋಗುತ್ತಿದ್ದೀರಿ.

ಇಂದಿನ ಟ್ರೋಫಿಗಳನ್ನು ಮಾತ್ರ ಕಂಡವರಿಗೆ 1998ರ ಸಿಟಿಯನ್ನು ಊಹಿಸಿಕೊಳ್ಳುವುದು ಕಷ್ಟ. ಆ ವರ್ಷ ಕ್ಲಬ್ಬು ಇಂಗ್ಲಿಷ್ ಫುಟ್ಬಾಲಿನ ಮೂರನೆಯ ದರ್ಜೆಗೆ ಇಳಿದಿತ್ತು, ಡಿಸೆಂಬರಿನಲ್ಲಿ ಯಾರ್ಕ್ ಎಂಬ ಪುಟ್ಟ ಊರಿನ ತಂಡಕ್ಕೂ ಸೋತಿತ್ತು. ಆದರೂ ಮಾಸ್ ಸೈಡ್ ಬಡಾವಣೆಯ ಹಳೆಯ ಮೇನ್ ರೋಡ್ ಕ್ರೀಡಾಂಗಣಕ್ಕೆ ಪ್ರತಿ ಪಂದ್ಯಕ್ಕೂ ಸರಾಸರಿ 28 ಸಾವಿರ ಜನ ಬರುತ್ತಿದ್ದರು. 1999ರ ಮೇ 26ರಂದು ಅದೇ ಊರಿನ ಇನ್ನೊಂದು ಕ್ಲಬ್ಬು ಮ್ಯಾಂಚೆಸ್ಟರ್ ಯುನೈಟೆಡ್ ಬಾರ್ಸಿಲೋನಾದಲ್ಲಿ ಯುರೋಪಿನ ಕಪ್ ಗೆದ್ದು ಒಂದೇ ಋತುವಿನ ಮೂರನೆಯ ಟ್ರೋಫಿಯನ್ನು ಎತ್ತಿಹಿಡಿಯಿತು. ಅದಾದ ನಾಲ್ಕೇ ದಿನಕ್ಕೆ ಸಿಟಿ, ಎರಡನೆಯ ದರ್ಜೆಗೆ ಏರುವುದಕ್ಕಾಗಿ ವೆಂಬ್ಲಿಯಲ್ಲಿ ಗಿಲ್ಲಿಂಗ್‌ಹ್ಯಾಮ್ ವಿರುದ್ಧ ಆಡುತ್ತಿತ್ತು. ಪಂದ್ಯ ಮುಗಿಯುವ ಹೊತ್ತಿಗೆ ಎರಡು ಗೋಲು ಹಿಂದಿದ್ದ ತಂಡ, ತೊಂಬತ್ತು ನಿಮಿಷಗಳ ನಂತರ ರೆಫರಿ ಸೇರಿಸಿದ ನಿಮಿಷಗಳಲ್ಲಿ ಪಾಲ್ ಡಿಕಾವ್ ಹೊಡೆದ ಗೋಲಿನಿಂದ ಸಮ ಮಾಡಿಕೊಂಡು, ಪೆನಾಲ್ಟಿ ಶೂಟೌಟಿನಲ್ಲಿ ಗೆದ್ದಿತು. ಐವತ್ತು ದಾಟಿದ ಸಿಟಿ ಅಭಿಮಾನಿಯನ್ನು ಅವರ ಬದುಕಿನ ದೊಡ್ಡ ಪಂದ್ಯ ಯಾವುದೆಂದು ಕೇಳಿ ನೋಡಿ, ಬಹಳ ಮಂದಿ ಯುರೋಪಿನ ಫೈನಲ್ಲನ್ನು ಬಿಟ್ಟು ಈ ಪಂದ್ಯದ ಹೆಸರನ್ನೇ ಹೇಳುತ್ತಾರೆ.

ಹದಿನೇಳು ಋತುಗಳ ಕಾಲ ಸೋಲುತ್ತಲೇ ‘ಈ ಸಲ ಕಪ್ ನಮ್ದೇ’ ಎಂದು ಕೂಗಿ, 2025ರಲ್ಲಿ ಕಪ್ ಕಂಡ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೆಲುವೇ ಕಾಣದ ವರ್ಷಗಳಲ್ಲಿ ಒಟ್ಟಿಗೆ ಕಾದವರ ನಡುವೆ ಒಂದು ಸಲುಗೆ ಬೆಳೆಯುತ್ತದೆ. ಸಿಟಿಯವರ ಹಾಡು, ಘೋಷಣೆ, ತಮ್ಮ ತಂಡದ ಬಗ್ಗೆ ತಾವೇ ಆಡಿಕೊಳ್ಳುವ ಮಾತು ಎಲ್ಲವೂ ಆ ಸಲುಗೆಯಲ್ಲಿ ಹುಟ್ಟಿದವು.

2007ರಲ್ಲಿ ಥಾಯ್ಲೆಂಡಿನ ಮಾಜಿ ಪ್ರಧಾನಿ ಥಾಕ್ಸಿನ್ ಶಿನವಾತ್ರ ಈ ಕ್ಲಬ್ಬನ್ನು ಕೊಂಡರು. ಮರುವರ್ಷ ಅದು ಅಬುಧಾಬಿಯ ರಾಜಮನೆತನದ ಶೇಖ್ ಮನ್ಸೂರ್ ಅವರ ಕೈಗೆ ಬಂದಿತು. 2011ರಲ್ಲಿ ಎಫ್‌ಎ ಕಪ್, ಮೂವತ್ತೈದು ವರ್ಷಗಳಲ್ಲಿ ದೊರೆತ ಮೊದಲ ದೊಡ್ಡ ಟ್ರೋಫಿ. 2012ರ ಮೇ 13ರಂದು ಕೊನೆಯ ಕ್ಷಣಗಳಲ್ಲಿ ಅಗುವೆರೊ ಹೊಡೆದ ಗೋಲಿನಿಂದ ಲೀಗ್ ಪ್ರಶಸ್ತಿ. 2023ರಲ್ಲಿ ಒಂದೇ ಋತುವಿನಲ್ಲಿ ಮೂರು ಟ್ರೋಫಿ. 2021ರಿಂದ 2024ರವರೆಗೆ ಸತತ ನಾಲ್ಕು ಲೀಗ್ ಪ್ರಶಸ್ತಿ. ಇವೆಲ್ಲ ನಿಮಗೆ ಬಾಯಿಪಾಠವಾಗಿರುತ್ತವೆ, ವಿವರಿಸುವುದಿಲ್ಲ.

ಈ ಗೆಲುವಿನ ಜೊತೆಯಲ್ಲಿ ಗ್ಯಾಲರಿಯಲ್ಲಿ ಆದದ್ದೇ ಹೆಚ್ಚು ಮುಖ್ಯ. ಬಹಳ ಕಾಲ ನನ್ನ ಪಕ್ಕದ ಸೀಟಿನಲ್ಲಿ ಕುಳಿತಿದ್ದವರು ಒಬ್ಬ ನಿವೃತ್ತ ಬಸ್ ಚಾಲಕರು. ಪಂದ್ಯಕ್ಕೆ ಒಂದು ಗಂಟೆ ಮೊದಲೇ ಬಂದು, ಮುಂದಿನ ಮೂರು ಸಾಲುಗಳಲ್ಲಿ ಇದ್ದವರನ್ನೆಲ್ಲ ಹೆಸರು ಹಿಡಿದು ಮಾತನಾಡಿಸುತ್ತಿದ್ದರು. ಕ್ರಮೇಣ ಆ ಸಾಲುಗಳು ಒಡೆದವು. ಕೆಲವರು ತೀರಿಕೊಂಡರು, ಕೆಲವರಿಗೆ ಏರಿದ ದರ ಹೊರೆಯಾಯಿತು, ಕೆಲವರ ಸೀಟುಗಳಿಗೆ ವಾರಕ್ಕೊಬ್ಬ ಹೊಸಬರು ಬಂದು, ಆಟ ನಡೆಯುತ್ತಿರುವಾಗಲೇ ಮೈದಾನಕ್ಕೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳತೊಡಗಿದರು. ಆ ಬಸ್ ಚಾಲಕರು ಯಾರನ್ನೂ ಬೈದದ್ದನ್ನು ನಾನು ಕೇಳಲಿಲ್ಲ. ಆದರೆ ಹಾಡನ್ನು ಎತ್ತಿಕೊಡುವವರು ಚದುರಿಹೋದರೆ ಐವತ್ತು ಸಾವಿರ ಜನ ತುಂಬಿದ್ದರೂ ಕ್ರೀಡಾಂಗಣ ಮೌನವಾಗಿರುತ್ತದೆ, ಅದನ್ನು ನಾನು ಅವರ ಪಕ್ಕದಲ್ಲಿ ಕುಳಿತೇ ಕಂಡೆ. ‘ನೀವು ಸೋಲುತ್ತಿದ್ದಾಗ ಎಲ್ಲಿದ್ದಿರಿ?’ ಎಂದು ಎದುರಾಳಿ ತಂಡದವರು ಹಾಡಿ ಅಣಕಿಸುವಾಗ ಅವರಿಗೆ ಆಗುತ್ತಿದ್ದ ನೋವು ಸಾಮಾನ್ಯವಾದುದಲ್ಲ, ಏಕೆಂದರೆ ಯಾರ್ಕ್‌ನ ಸೋಲನ್ನೂ ಅವರು ಅಲ್ಲಿಗೆ ಹೋಗಿಯೇ ನೋಡಿದ್ದರು.

ಈ ಬದಲಾವಣೆಯ ಮೂಲವನ್ನೆಲ್ಲ ಅರಬ್ ಹಣದ ಮೇಲೆ ಹೊರಿಸುವುದು ಸರಿಯಲ್ಲ. 1989ರಲ್ಲಿ ಹಿಲ್ಸ್‌ಬರೋ ಕ್ರೀಡಾಂಗಣದ ನಿಂತು ನೋಡುವ ಗ್ಯಾಲರಿಯ ನೂಕುನುಗ್ಗಲಿನಲ್ಲಿ 97 ಜನ ಸತ್ತ ಮೇಲೆ, ದೊಡ್ಡ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಸೀಟು ಇರಲೇಬೇಕೆಂಬ ನಿಯಮ ಬಂದಿತು. ಅದು ಅಗತ್ಯವಾಗಿತ್ತು. ಮೇನ್ ರೋಡಿನಲ್ಲಿ ಜನ ಒತ್ತೊತ್ತಾಗಿ ನಿಂತು ಹಾಡುತ್ತಿದ್ದ ಕಿಪ್ಯಾಕ್ಸ್ ಗ್ಯಾಲರಿಯನ್ನು 1994ರಲ್ಲಿ ಕೆಡವಿದ್ದು ಆ ಕಾರಣದಿಂದ. 1992ರಲ್ಲಿ ಆರಂಭವಾದ ಪ್ರೀಮಿಯರ್ ಲೀಗ್ ಮತ್ತು ಅದರ ಟಿವಿ ಹಣ ದರಗಳನ್ನು ಎಲ್ಲ ಕಡೆಯೂ ಮೇಲಕ್ಕೆ ಎಳೆದವು. ಶ್ರೀಮಂತ ಮಾಲೀಕರು ಬಂದಾಗ ಈ ಹರಿವು ರಭಸಗೊಂಡಿತು, ಅಷ್ಟೇ. ಆ ಟಿವಿ ಹಣದಲ್ಲಿ ಚರ್ಚ್ ಸ್ಟ್ರೀಟ್, ಕೋರಮಂಗಲಗಳ ಪಬ್ಬುಗಳಲ್ಲಿ ರಾತ್ರಿ ಪಂದ್ಯ ನೋಡುವ ನಿಮ್ಮ ಪಾಲೂ ಇದೆ.

ಮಾಲೀಕರ ಬಗ್ಗೆ ಊರಿನವರಿಗೆ ಇರುವ ಭಾವನೆ ಒಂದೇ ಬಣ್ಣದ್ದಲ್ಲ. ಕ್ಲಬ್ಬಿನ ಈಗಿನ ಕ್ರೀಡಾಂಗಣವಿರುವ ಪೂರ್ವ ಮ್ಯಾಂಚೆಸ್ಟರ್ ಕಾರ್ಖಾನೆಗಳು ಮುಚ್ಚಿ ಸೊರಗಿದ್ದ ಪ್ರದೇಶ. ಅಲ್ಲಿನ ಪಾಳು ಜಾಗದಲ್ಲಿ ಕ್ಲಬ್ಬಿನ ತರಬೇತಿ ಕೇಂದ್ರ ಎದ್ದದ್ದನ್ನು ಕಂಡವರು ಶೇಖ್ ಮನ್ಸೂರರಿಗೆ ಧನ್ಯವಾದ ಹೇಳುವ ಬ್ಯಾನರನ್ನು ಮನಸಾರೆ ಕಟ್ಟಿದ್ದಾರೆ. ಅಬುಧಾಬಿಯ ಮಾನವ ಹಕ್ಕುಗಳ ದಾಖಲೆಯನ್ನು ಈ ಹೊಳಪು ಮರೆಮಾಡುತ್ತದೆ ಎಂದು ಅದೇ ಊರಿನಲ್ಲಿ ಹೇಳುವವರೂ ಇದ್ದಾರೆ. ಹಣಕಾಸಿನ ನಿಯಮಗಳನ್ನು ಮುರಿದ ಆರೋಪದ ಮೇಲೆ 2023ರ ಫೆಬ್ರುವರಿಯಲ್ಲಿ ಪ್ರೀಮಿಯರ್ ಲೀಗ್ ಕ್ಲಬ್ಬಿನ ವಿರುದ್ಧ ನೂರಕ್ಕೂ ಹೆಚ್ಚು ದೋಷಾರೋಪಗಳನ್ನು ಹೊರಿಸಿತು, ಕ್ಲಬ್ಬು ಅವನ್ನು ನಿರಾಕರಿಸಿದೆ. ಹೊಸಬರು ಮೊದಲ ಪರಿಚಯದಲ್ಲೇ ಈ ವಿಷಯ ಎತ್ತಿದರೆ ಮಾತು ಕಹಿಯಾಗುತ್ತದೆ. ಹಾಗೆಂದು ಜೆರ್ಸಿ ತೊಟ್ಟ ಮಾತ್ರಕ್ಕೆ ಮಾಲೀಕರ ಪರವಾಗಿ ವಾದಿಸುವುದು ನಿಮ್ಮ ಕರ್ತವ್ಯವೂ ಅಲ್ಲ. 2021ರ ಏಪ್ರಿಲಿನಲ್ಲಿ ಆರು ಇಂಗ್ಲಿಷ್ ಕ್ಲಬ್ಬುಗಳು ಶ್ರೀಮಂತರದೇ ಒಂದು ಸೂಪರ್ ಲೀಗ್ ಕಟ್ಟಲು ಹೊರಟಾಗ, ಸಿಟಿಯೂ ಸೇರಿದಂತೆ ಎಲ್ಲವೂ ಎರಡೇ ದಿನಗಳಲ್ಲಿ ಹಿಂದೆ ಸರಿಯಲು ಅಭಿಮಾನಿಗಳ ಸಿಟ್ಟು ದೊಡ್ಡ ಕಾರಣವಾಗಿತ್ತು. ಕ್ಲಬ್ಬನ್ನು ಪ್ರೀತಿಸುತ್ತಲೇ ಮಾಲೀಕರನ್ನು ಎದುರಿಸುವುದು ಅಲ್ಲಿ ಹೊಸದಲ್ಲ.

ಪಕ್ಕದ ಸೀಟಿನ ಆ ಹಿರಿಯರು ನನ್ನನ್ನು ಮೊದಲ ಸಲ ಕೇಳಿದ್ದು, ‘ನಿಮ್ಮ ಊರಿನಲ್ಲಿ ಫುಟ್ಬಾಲ್ ಇಲ್ಲವೇ?’ ಎಂದು. ಈ ಪ್ರಶ್ನೆ ನಿಮಗೂ ಎದುರಾಗುತ್ತದೆ, ಉತ್ತರ ಸಿದ್ಧವಿರಲಿ. ನಾನು ಅವರಿಗೆ ಆಸ್ಟಿನ್ ಟೌನ್ ಮತ್ತು ಹಲಸೂರಿನ ಗೌತಮಪುರದ ಫುಟ್ಬಾಲಿನ ಬಗ್ಗೆ ಹೇಳಿದೆ. ಐಟಿಐ, ಎಚ್‌ಎಎಲ್ ಕಾರ್ಖಾನೆಗಳ ತಂಡಗಳು ಅಶೋಕನಗರದ ಕ್ರೀಡಾಂಗಣದಲ್ಲಿ ಆಡುತ್ತಿದ್ದುದನ್ನು, ಆಟಗಾರರಿಗೆ ಆ ಕಾರ್ಖಾನೆಗಳಲ್ಲಿಯೇ ನೌಕರಿ ಸಿಗುತ್ತಿದ್ದುದನ್ನು ಹೇಳಿದೆ. ಅವರ ಮುಖ ಅರಳಿತು, ಏಕೆಂದರೆ ಅವರ ಅಜ್ಜನ ಕಾಲದ ಮ್ಯಾಂಚೆಸ್ಟರ್ ಕೂಡ ಹೀಗೆಯೇ ಇತ್ತಂತೆ. ಬೆಂಗಳೂರಿನಲ್ಲಿ ಹಣ ಬೇರೆ ದಾರಿಯಲ್ಲಿ ಬಂದಿತು. 2013ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿಯನ್ನು ಹೊಸದಾಗಿಯೇ ಕಟ್ಟಿ, ಮೊದಲ ಋತುವಿನಲ್ಲೇ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಕಾಯುವ ವರ್ಷಗಳೇ ಇಲ್ಲದೆ ಹುಟ್ಟಿದ ಕ್ಲಬ್ಬು ಅದು. ಆದರೂ ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಕರೆದುಕೊಂಡ ಯುವಕರು ತೊಂಬತ್ತು ನಿಮಿಷವೂ ನಿಂತು ಹಾಡುವುದನ್ನು ರೂಢಿಸಿಕೊಂಡರು. ಹಣ ತಂಡವನ್ನು ಒದಗಿಸಿತು, ಹಾಡನ್ನು ಅವರೇ ಕಟ್ಟಿಕೊಳ್ಳಬೇಕಾಯಿತು. ಹೊರಡುವ ಮೊದಲು ಅಲ್ಲೊಂದು ಪಂದ್ಯವನ್ನೂ, ಅಶೋಕನಗರದಲ್ಲಿ ಸ್ಥಳೀಯ ಲೀಗಿನ ಒಂದು ಪಂದ್ಯವನ್ನೂ ನೋಡಿಕೊಂಡು ಹೋಗಿ. ಟಿವಿಯಲ್ಲಿ ಕಂಡ ಅಗುವೆರೊ ಗೋಲಿನ ಕಥೆ ಮ್ಯಾಂಚೆಸ್ಟರಿನಲ್ಲಿ ಎಲ್ಲರ ಬಳಿಯೂ ಇದೆ, ಗೌತಮಪುರದ ಕಥೆ ನಿಮ್ಮ ಬಳಿ ಮಾತ್ರ ಇರುತ್ತದೆ.

ಇನ್ನು ವ್ಯವಹಾರದ ಮಾತು. ಲೀಗ್ ಪಂದ್ಯದ ಟಿಕೆಟ್ಟಿಗೆ ಮೊದಲು ಕ್ಲಬ್ಬಿನ ವಾರ್ಷಿಕ ಸದಸ್ಯತ್ವ ಪಡೆಯಿರಿ, ಬೀದಿಯಲ್ಲಿ ಅಥವಾ ಫೇಸ್‌ಬುಕ್‌ನಲ್ಲಿ ಮಾರುವವರಿಂದ ಕೊಳ್ಳಬೇಡಿ. ದೊಡ್ಡ ಎದುರಾಳಿಗಳ ಪಂದ್ಯಕ್ಕೆ ಆಸೆಪಡುವ ಬದಲು ಕಪ್‌ಗಳ ಆರಂಭದ ಸುತ್ತುಗಳಿಗೆ ಹೋಗಿ. ದರ ಕಡಿಮೆ, ಮೇಲಾಗಿ ಅಂಥ ಚಳಿಯ ರಾತ್ರಿಗಳಲ್ಲಿ ಬರುವವರು ಹಳಬರೇ. ಕ್ರೀಡಾಂಗಣದ ಹೊರಗೆ ಎರಡೂ ತಂಡಗಳ ಬಣ್ಣವನ್ನು ಅರ್ಧರ್ಧ ಸೇರಿಸಿ ಹೆಣೆದ ಸ್ಕಾರ್ಫ್ ಮಾರುತ್ತಾರೆ. ನೆನಪಿಗೆಂದು ಅದನ್ನು ಕೊಂಡು ಕೊರಳಿಗೆ ಹಾಕಿಕೊಳ್ಳಬೇಡಿ, ಹಳಬರಿಗೆ ಅದರಷ್ಟು ಬೇಸರ ತರುವ ವಸ್ತು ಇನ್ನೊಂದಿಲ್ಲ. ಬೇರೆ ಊರಿನ ಪಂದ್ಯಗಳಿಗೆ ಭೇಟಿ ತಂಡದ ಅಭಿಮಾನಿಗಳ ಲೀಗ್ ಟಿಕೆಟ್ ದರವನ್ನು 2016ರಿಂದ 30 ಪೌಂಡಿಗೆ ಮಿತಿಗೊಳಿಸಲಾಗಿದೆ, ಅದೂ ಅಭಿಮಾನಿಗಳು ಹೋರಾಡಿ ಪಡೆದದ್ದು. ಆ ಟಿಕೆಟ್ಟುಗಳು ವರ್ಷಗಟ್ಟಲೆ ಹೋದವರಿಗೆ ಮೊದಲು ಸಲ್ಲುತ್ತವೆ, ಹಾಗಾಗಿ ಹಳೆಯ ಸಂಸ್ಕೃತಿ ಅತ್ಯಂತ ಗಟ್ಟಿಯಾಗಿ ಉಳಿದಿರುವುದು ಅಲ್ಲಿಯೇ.

ವಿದ್ಯಾರ್ಥಿಯ ಕೈಯಲ್ಲಿ ಅಷ್ಟು ಹಣ ಇರುವುದಿಲ್ಲ ಎಂಬುದು ನನಗೆ ಗೊತ್ತು. ಸಿಟಿಯ ಮಹಿಳಾ ತಂಡದ ಪಂದ್ಯಗಳು ದೊಡ್ಡ ಕ್ರೀಡಾಂಗಣದ ಪಕ್ಕದಲ್ಲೇ, ಸುಮಾರು ಏಳು ಸಾವಿರ ಜನ ಹಿಡಿಯುವ ಮೈದಾನದಲ್ಲಿ, ಬಹಳ ಕಡಿಮೆ ದರಕ್ಕೆ ನಡೆಯುತ್ತವೆ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಯುನೈಟೆಡ್ ಕ್ಲಬ್ಬನ್ನು ಸಾಲದ ಮೇಲೆ ಕೊಂಡಾಗ ಮುನಿದು ಹೊರಬಂದ ಅಭಿಮಾನಿಗಳು ಕಟ್ಟಿದ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್, ಮಾಸ್ಟನ್ ಬಡಾವಣೆಯಲ್ಲಿ ಆಡುತ್ತದೆ. ಅಲ್ಲಿ ಪ್ರತಿ ಸದಸ್ಯನೂ ಮಾಲೀಕ, ಪ್ರತಿಯೊಬ್ಬರಿಗೂ ಒಂದೇ ಮತ. ಉತ್ತರದ ಬರಿ (Bury) ಎಂಬ ಪಟ್ಟಣದ ಕ್ಲಬ್ಬನ್ನು ಅದರ ಹಣಕಾಸಿನ ದುಃಸ್ಥಿತಿಯಿಂದಾಗಿ 2019ರಲ್ಲಿ ಲೀಗಿನಿಂದ ಹೊರಹಾಕಲಾಯಿತು. ಒಂದು ಶತಮಾನಕ್ಕೂ ಹಿಂದೆ ಹುಟ್ಟಿದ ಆ ಕ್ಲಬ್ಬನ್ನು ಊರಿನವರು ಮತ್ತೆ ಕಟ್ಟಿ ನಿಲ್ಲಿಸುತ್ತಿದ್ದಾರೆ. ಟ್ರಾಮ್ ಹತ್ತಿದರೆ ಆ ಪಟ್ಟಣ ಅರ್ಧ ಗಂಟೆಯ ದಾರಿ, ಶನಿವಾರ ಮಧ್ಯಾಹ್ನ ಮೂರಕ್ಕೆ ಪಂದ್ಯ ಶುರುವಾಗುತ್ತದೆ.